ಎಲ್ಲಿಂದ ಎಲ್ಲಿಗೆ, ಕಂಡಕ್ಟರ್ ಕಾಕಾ?

ಕಳೆದ ಸಲ ನಮ್ಮೂರು ಸವಣೂರಿನ ಪುರಸಭೆಗೆ ಚುನಾವಣೆ ಬಂದಾಗ ನಾನು ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಹೆಂಡತಿ ಶಾಂತಾ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಹದಿನೈದು ದಿನಗಳಲ್ಲಿ ನಡೆದದ್ದು ಪೇಪರಿನಲ್ಲಿ ಬರುವಂಥ ದೊಡ್ಡ ಸಂಗತಿಯೇನಲ್ಲ. ಆದರೂ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಮನೆ ಇರುವುದು ಶಿಗ್ಗಾಂವಿ ರಸ್ತೆಯಿಂದ ಒಂದು ಮೈಲು ಒಳಗಿರುವ ಹೊಸ ಪ್ಲಾಟಿನಲ್ಲಿ, ಅಂದರೆ ಬಡಾವಣೆಯಲ್ಲಿ. ‘ಊರಾಗಿನ ಗದ್ಲ ಸಾಕ್ರಿ, ಎರಡ ಗಿಡ ಹಚ್ಚಿ ಅರಾಮ ಇರೋಣ’ ಎಂದು ಶಾಂತಾನೇ ಆರಿಸಿದ ಜಾಗ. ಗಿಡ ಹಚ್ಚಿದಳು. ಅರಾಮ ಇರಲು ಆಕೆಗೆ ಎರಡೇ ವರ್ಷ ಸಿಕ್ಕಿತು. ಆಮೇಲೆ ನನ್ನ ಬಲಗಣ್ಣು ಮಂಜಾಯಿತು, ಸ್ಕೂಟರ್ ಕೊಟ್ಟುಬಿಟ್ಟೆ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಕಳೆದ ಮಂಡಿಗಳು ಒಂದು ಮೈಲು ನಡಿಗೆಗೂ ಗೊಣಗುತ್ತಿದ್ದವು. ಆಟೋದವರು ನಮ್ಮ ಕಡೆ ಬರುವುದಿಲ್ಲ, ಬಂದರೆ ತಿರುಗಿ ಖಾಲಿ ಹೋಗಬೇಕು. ಮುಖ್ಯ ರಸ್ತೆಯಲ್ಲಿ ಹಾದು ಹೋಗುವ ಬಸ್ಸುಗಳಿಗೆ ನಮ್ಮ ತಿರುವಿನಲ್ಲಿ ಸ್ಟಾಪಿಲ್ಲ.

ದಿನಕ್ಕೆ ನೂರಾರು ಜನರ ಜತೆ ಬಡಬಡಿಸಿದ ಬಾಯಿ ನನ್ನದು. ‘ಎಲ್ಲಿಗ್ರಿ, ಎಷ್ಟ ಮಂದಿ, ಮುಂದ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ’ ಎನ್ನುತ್ತ ಹಾನಗಲ್ಲ, ತಡಸ, ಹುಬ್ಬಳ್ಳಿ ಸುತ್ತಿದವನು. ಈಗ ಮುಂಜಾನೆ ಹಾಲಿನವನಿಗೆ ‘ಅರ್ಧ ಲೀಟರ್’ ಅಂದರೆ ಆ ದಿನದ ಮಾತು ಮುಗಿಯಿತು. ಹಿರೇಕೆರೂರಿನಲ್ಲಿರುವ ಮಗಳು ರವಿವಾರ ಫೋನ್ ಮಾಡಿ ‘ಅಪ್ಪಾ, ಇಲ್ಲೇ ಬಂದಬಿಡ್ರಿ’ ಅನ್ನುತ್ತಾಳೆ. ‘ಬರ್ತೇನಿ ತಡಿ’ ಎಂದು ಹೇಳಿ ಇಡುತ್ತೇನೆ. ಒಮ್ಮೆ ಅಡಿಗೆ ಮನೆಯಲ್ಲಿ ಬಾಗಿಲಿಗೆ ಅಡ್ಡವಾಗಿದ್ದ ಕುರ್ಚಿಗೆ ‘ಸರೀರಿ, ಸ್ವಲ್ಪ ಸರೀರಿ’ ಅಂದುಬಿಟ್ಟೆ. ಅಂದು ನಕ್ಕೆ. ಆಮೇಲೆ ಅಂಜಿಕೆಯಾಯಿತು.

ಹಾಗಾಗಿ ನನ್ನ ತಲೆಯಲ್ಲಿ ಒಂದೇ ಮಾತು ಕೂತಿತ್ತು. ಹಿರೇಬೆಂಡಿಗೇರಿ ಕಡೆಯಿಂದ ಬರುವ ಮುಂಜಾನೆಯ ಹಳ್ಳಿ ಬಸ್ಸು ನಮ್ಮ ಪ್ಲಾಟಿನೊಳಗೆ ಒಂದು ಸುತ್ತು ಬಂದು ಹೋದರೆ ನನ್ನ ಬಾಳು ಸರಿಹೋಗುತ್ತದೆ. ಬಸ್ಸಿಲ್ಲ, ಅದಕ್ಕೇ ನಾನು ಎಲ್ಲಿಗೂ ಹೋಗುವುದಿಲ್ಲ. ಎರಡು ವರ್ಷ ಹೀಗೇ ಅಂದುಕೊಂಡಿದ್ದೆ.

ಚುನಾವಣೆ ಬಂತು. ನಮ್ಮ ವಾರ್ಡಿಗೆ ಮೂವರು ನಿಂತರು. ಗೇಟಿನ ಸಂದಿಯಲ್ಲಿ ಕರಪತ್ರಗಳು ಬೀಳತೊಡಗಿದವು. ಬೇರೆಯವರು ಗಟಾರು, ನೀರು, ಬೀದಿದೀಪ ಓದಿದರೆ ನಾನು ನೇರವಾಗಿ ಸಾರಿಗೆಯ ಸಾಲಿಗೆ ಹೋಗುತ್ತಿದ್ದೆ. ಓದಿ ಸುಮ್ಮನಿರುವ ಜಾತಿಯವನಲ್ಲ ನಾನು. ಮೂವರ ಮಾತನ್ನೂ ಹೋಲಿಸಿ ನೋಡಿಯೇ ಓಟು ಹಾಕುವುದೆಂದು ಗಟ್ಟಿ ಮಾಡಿದೆ. ನನಗೆ ಗೊತ್ತಿರುವ ಪರೀಕ್ಷೆ ಒಂದೇ. ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ? ಈ ಮೂರಕ್ಕೆ ಉತ್ತರವಿಲ್ಲದ ಬಸ್ಸು ಬಸ್ಸೇ ಅಲ್ಲ. ಹಳೆಯ ಡ್ಯೂಟಿ ಚೀಲ ತೆಗೆದು ಧೂಳು ಕೊಡವಿ, ಅದರಲ್ಲಿ ಒಂದು ನೋಟುಬುಕ್ಕು, ಪೆನ್ನು ಹಾಕಿಕೊಂಡೆ. ಒಳಗೆ ಹಳೆಯ ಸೀಟಿಯೂ ಇತ್ತು. ಅದೂ ಇರಲಿ ಎಂದು ಬಿಟ್ಟೆ.

ಮೊದಲನೆಯವರು ಶೇಖರಗೌಡರು. ಗೊಬ್ಬರದ ಅಂಗಡಿಯವರು, ದೊಡ್ಡ ದನಿ, ಹಿಂದೆ ಮುಂದೆ ಜನ. ‘ಪ್ರತಿ ಪ್ಲಾಟಿಗೂ ಮಿನಿ ಬಸ್’ ಎಂದು ಅವರ ಕರಪತ್ರದಲ್ಲಿತ್ತು. ನಮ್ಮ ಓಣಿಯ ಮೂಲೆಗೆ ಅವರ ಪ್ರಚಾರ ಬಂದಾಗ ನಾನು ಮುಂದೆ ಹೋಗಿ ಕೇಳಿದೆ.

“ಗೌಡ್ರ, ಮಿನಿ ಬಸ್ ಅಂದೀರಿ. ಎಲ್ಲಿಂದ ಬಿಡತದ್ರಿ? ಎಲ್ಲಿ ಮಟಾ ಹೋಗತದ? ಮುಂಜಾನೆ ಎಷ್ಟಕ್ಕ?”

ಗೌಡರು ಒಂದು ಗಳಿಗೆ ನೋಡಿ ಗಹಗಹಿಸಿ ನಕ್ಕರು. “ನೋಡ್ರೆಪಾ, ಕಂಡಕ್ಟ್ರು ರಿಟೈರ್ ಆದ್ರೂ ಟಿಕೆಟ್ ಹರಿಯೂದ ಬಿಟ್ಟಿಲ್ಲ! ಮೊದಲ ನಮ್ಮನ್ನ ಆರಿಸಿ ತರ್ರಿ, ಬಸ್ ತಾನ ಬರತೈತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಮುಂದಿನ ಓಣಿಗೆ ಹೋದ ಮೇಲೆ, ಹೆಗಲಿಗೆ ಚೀಲ ಹಾಕಿಕೊಂಡು ನಡುರಸ್ತೆಯಲ್ಲಿ ಒಬ್ಬನೇ ನಿಂತಿದ್ದೇನೆಂಬುದು ಅರಿವಿಗೆ ಬಂತು. ನಾಚಿಕೆಯಾಯಿತು. ನೋಟುಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ‘ತಾನೇ ಬರುತ್ತದೆ’ ಎಂದು ಬರೆದುಕೊಂಡೆ.

ಎರಡನೆಯವರು ಗುರುರಾಜ ವಕೀಲರು. ಓದಿದ ಮನೆತನ, ಮೆತ್ತಗಿನ ಮಾತು. ಪರಿಚಯದವರ ಸ್ಕೂಟರಿನಲ್ಲಿ ಕೂತು ಅವರ ಮನೆಗೇ ಹೋದೆ. ಕೂಡಿಸಿ ಕಾಫಿ ಕೊಟ್ಟರು. ಮೇಜಿನ ಮೇಲೆ ಬಣ್ಣದ ನಕ್ಷೆ ಹಾಸಿ, ಎಲೆಕ್ಟ್ರಿಕ್ ಬಸ್ಸು, ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವ ಏರ್ಪಾಡು ಎಲ್ಲ ತೋರಿಸಿದರು. ನೋಡಲು ಚಂದವೇ ಇತ್ತು. ಆದರೆ ನಕ್ಷೆಯಲ್ಲಿ ನಮ್ಮ ಪ್ಲಾಟಿನ ರಸ್ತೆ ನೆಟ್ಟಗಿತ್ತು. ನಿಜವಾಗಿ ಅಲ್ಲಿ ನಾಲೆಯ ಹತ್ತಿರ ಒಂದು ಇಕ್ಕಟ್ಟಿನ ತಿರುವಿದೆ.

“ರಾಯರ, ಈ ನಾಲಾದ ಹಂತೇಕ ಬಸ್ ಹೆಂಗ ತಿರುಗಸ್ತೀರಿ?” ಎಂದೆ.

“ಅದನ್ನೆಲ್ಲಾ ತಿಳದವರು ನೋಡಿ ಹೇಳ್ತಾರ್ರೀ. ಆಗೋದೇ ಅದ. ನಾನೂ ಒಂದಿನ ಬಂದು ನೋಡ್ತೇನಿ,” ಎಂದರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಿತ್ತು. ಒಳ್ಳೆಯ ಮನುಷ್ಯರೇ. ಆದರೆ ನೋಡಲು ಬರಲಿಲ್ಲ.

ಮೂರನೆಯವಳು ರೇಣುಕಾ. ಯಾವ ಪಕ್ಷವೂ ಇಲ್ಲದೆ ನಿಂತವಳು, ಮೂವತ್ತೈದರ ಆಸುಪಾಸು. ಎಲೆತೋಟದವರಿಂದ ವೀಳ್ಯದೆಲೆ ಹಿಡಿದು ಸುತ್ತಲಿನ ಊರಿನ ಸಂತೆಗಳಿಗೆ ಒಯ್ಯುವುದು ಆಕೆಯ ಕಸುಬು. ಅಂಗೈಯಗಲದ ಅವಳ ಕರಪತ್ರದಲ್ಲಿ ಬಸ್ಸಿನ ಸುದ್ದಿಯೇ ಇರಲಿಲ್ಲ. ಇವಳನ್ನು ಬಿಟ್ಟರೂ ನಡೆಯುತ್ತಿತ್ತು. ಆದರೆ ಮೂವರಲ್ಲಿ ಇಬ್ಬರನ್ನೇ ಕೇಳಿ ನಿಲ್ಲಿಸಿದರೆ ಹೋಲಿಕೆ ಹೇಗಾದೀತು?

ಮತ್ತೆ ಅದೇ ಸ್ಕೂಟರಿನ ಹಿಂದೆ ಕೂತು ಹೋದಾಗ ಆಕೆ ಪಡಸಾಲೆಯಲ್ಲಿ ಒದ್ದೆ ಗೋಣಿತಟ್ಟಿನ ಮೇಲೆ ಎಲೆ ಜೋಡಿಸುತ್ತ ಕೂತಿದ್ದಳು. ನನ್ನ ಚೀಲ ನೋಡಿದವಳೇ ಕೇಳಿದಳು.

“ನೀವು ಹಾನಗಲ್ಲ ಗಾಡಿ ಕಂಡಕ್ಟರ್ ಅಲ್ಲೇನ್ರಿ ಕಾಕಾ? ಹಸಿ ಬುಟ್ಟಿ ಒಳಗ ಬ್ಯಾಡಂತ ನಮ್ಮವ್ವನ ಎಲಿ ಟಾಪಿನ ಮ್ಯಾಲೆ ಹಾಕ್ಸಿದ್ರಿ. ಹಾನಗಲ್ಲ ಮುಟ್ಟೂದ್ರಾಗ ಎಲ್ಲಾ ಬಿಸಲಿಗೆ ಬಾಡಿ ಹೋಗಿದ್ವು. ನಾ ಸಣ್ಣಾಕಿ, ಅವ್ವನ ಜೋಡಿ ಇದ್ದೆ.”

ನನಗೆ ನೆನಪೇ ಇರಲಿಲ್ಲ. ಎಷ್ಟು ಬುಟ್ಟಿಗಳನ್ನು ಮೇಲೆ ಹಾಕಿಸಿದ್ದೆನೋ! ಆಕೆ ನಕ್ಕು, “ಕುಂತ್ಕೋರಿ. ಬಸುರಿ ಹೆಣಮಕ್ಕಳಿಗೆ ಸೀಟ್ ಬಿಡಿಸಿ ಕೊಡ್ತಿದ್ರು, ಅದೊಂದ ಚಲೋ ಗುಣ ಅಂತನೂ ಅವ್ವ ಹೇಳ್ತಾಳ,” ಎಂದಳು.

ನನ್ನ ಮೂರು ಪ್ರಶ್ನೆ ಕೇಳಿದೆ. ಆಕೆಯ ಕೈ ಎಲೆ ಜೋಡಿಸುವುದನ್ನು ನಿಲ್ಲಿಸಿತು. “ನನಗ ಗೊತ್ತಿಲ್ಲರಿ ಕಾಕಾ. ಬಸ್ ತರೂದು ಪುರಸಭಾದ ಕೈಯಾಗ ಐತೋ ಇಲ್ಲೋ ಅದೂ ಗೊತ್ತಿಲ್ಲ. ನಾಳೆ ಮುಂಜಾನೆ ಬರ್ತೇನಿ, ತೋರಸ್ರಿ.”

ಮರುದಿನ ಏಳಕ್ಕೆಲ್ಲ ಟಿವಿಎಸ್ ಗಾಡಿಯ ಮೇಲೆ ಒಬ್ಬಳೇ ಬಂದಳು. ಹಿಂದೆ ಬಾವುಟವಿಲ್ಲ, ಜನವಿಲ್ಲ. ಸೀಟಿನ ಹಿಂದೆ ಬುಟ್ಟಿ ಕಟ್ಟುವ ಹಗ್ಗವಿತ್ತು. ನಾನು ಅದನ್ನು ಬಿಚ್ಚಿಸಿ, ಬಸ್ಸಿನ ಉದ್ದದಷ್ಟು, ಅಂದರೆ ನನ್ನ ಹದಿನಾಲ್ಕು ಹೆಜ್ಜೆಯಷ್ಟು ಅಳೆದು, ಹಿಂದಿನ ತುದಿ ಆಕೆಯ ಕೈಗೆ ಕೊಟ್ಟೆ.

“ನಾ ಮುಂದಿನ ಗಾಲಿ, ನೀ ಹಿಂದಿನ ಗಾಲಿ. ಹಗ್ಗ ಬಿಗೀ ಹಿಡದ ನನ್ನ ಹಿಂದ ಬಾ. ಸೀಟಿ ಊದಿದ್ರ ನಿಂದರಬೇಕು.”

ನಾಲೆಯ ತಿರುವಿನಲ್ಲಿ ನಾನು ಬಲಕ್ಕೆ ಹೊರಳಿದೆ. ಆಕೆ ಹಿಂದೆ ಬಂದಂತೆ ಹಗ್ಗದ ನಡು ಲೈಟಿನ ಕಂಬಕ್ಕೆ ತಗುಲಿತು. ಸೀಟಿ ಊದಿದೆ. ಹಿಂದೆ ಸರಿದು ಮತ್ತೆ ಅಗಲವಾಗಿ ಹೊರಳಿದೆ. ಈ ಸಲ ನಾನೇ ನಾಲೆಯ ಮೇಲಿನ ಒಡೆದ ಹಾಸುಗಲ್ಲಿನ ಮೇಲಿದ್ದೆ. ಇಟ್ಟಿಗೆಯ ಲಾರಿ ಹೋಗಿ ಮುರಿದ ಕಲ್ಲು ಅದು. ಮತ್ತೆ ಸೀಟಿ. ಎಷ್ಟು ವರ್ಷದ ಮೇಲೆ ಊದಿದ್ದೋ, ಸುತ್ತ ಏಳೆಂಟು ಮನೆಗಳ ಬಾಗಿಲು ತೆರೆದವು. ಬಿಳಿ ಮೀಸೆಯವನೊಬ್ಬ, ಓಟಿಗೆ ನಿಂತ ಹೆಂಗಸೊಬ್ಬಳು ನಡುರಸ್ತೆಯಲ್ಲಿ ಹಗ್ಗ ಹಿಡಿದು ಆಡುತ್ತಿರುವುದನ್ನು ನೋಡಿ ಜನ ಬಾಯಿಗೆ ಕೈ ಇಟ್ಟು ನಗುತ್ತಿದ್ದರು. ಅಷ್ಟು ಬಾಗಿಲು ಒಟ್ಟಿಗೆ ತೆರೆದದ್ದನ್ನು ನಾನು ಆ ಪ್ಲಾಟಿನಲ್ಲಿ ಕಂಡದ್ದು ಅದೇ ಮೊದಲು.

ರೇಣುಕಾ ಹಗ್ಗ ಸುತ್ತುತ್ತ ಹೇಳಿದಳು. “ಬಸ್ ತರೂದು ನನ್ನ ಕೈಯಾಗ ಇಲ್ಲರಿ ಕಾಕಾ. ಕಂಬ ಸರಿಸೂದು, ಕಲ್ಲ ಹಾಕೂದು ಮಾಡಸಬಹುದು. ಅಷ್ಟ ಬರ್ಕೋರಿ. ಆದ್ರ ಡಿಪೋದವರು ಕೇಳ್ತಾರ, ಯಾರ ಹತ್ತತಾರ ಅಂತ. ಇಲ್ಲೆ ಯಾರ್ಯಾರು ಎಲ್ಲೆಲ್ಲಿಗೆ ಹೊಕ್ಕಾರ?”

ನಾನು ಸುತ್ತಲಿನ ಮನೆಗಳನ್ನು ನೋಡಿದೆ. ಎಡಗಡೆ ಮನೆಯವರ ಹೆಸರು ಗೊತ್ತಿತ್ತು, ಬೋರ್ಡು ಇದ್ದುದರಿಂದ. ಎದುರು ಮನೆಯವರದು ಅದೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಬಸ್ಸು ಬೇಕು ಬಸ್ಸು ಬೇಕು ಎಂದು ಗೇಟು ಹಿಡಿದು ನಿಂತವನು, ಎಲ್ಲಿಗ್ರಿ ಎಂದು ಕೇಳುವುದೇ ಜೀವನವಾಗಿದ್ದವನು, ಪಕ್ಕದ ಮನೆಯವರನ್ನು ಒಂದು ಸಲವೂ ಕೇಳಿರಲಿಲ್ಲ. ನನ್ನಂಥ ಕಂಡಕ್ಟರನಿಗೆ ಇದಕ್ಕಿಂತ ದೊಡ್ಡ ತಪ್ಪು ಯಾವುದಿದೆ?

“ಕೇಳೋಣು ಬರ್ರಿ,” ಎಂದಳು ರೇಣುಕಾ.

ಮನೆ ಮನೆಗೆ ಹೋದೆವು. ಆಕೆ ಓಟು ಕೇಳಲಿಲ್ಲ, ನಾನು ನೋಟುಬುಕ್ಕು ತೆರೆದೆ. ಎದುರು ಮನೆಯ ರತ್ನವ್ವನಿಗೆ ವಾರಕ್ಕೆರಡು ದಿನ ದವಾಖಾನೆ, ಗಂಡನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಬೇಕು. ಮೂಲೆ ಮನೆಯ ಸಾನಿಯಾ ಶಿಗ್ಗಾಂವಿ ಕಾಲೇಜಿಗೆ ಹೋಗುತ್ತಾಳೆ, ಮುಖ್ಯ ರಸ್ತೆಯ ತನಕ ದಿನಾ ನಡಿಗೆ. ಗೌಂಡಿ ಹನುಮಂತಪ್ಪ ಗಾರೆ ಕೆಲಸ ಹುಡುಕಿ ಸವಣೂರಿಗೆ ಹೋಗುವವನು. ಎಲ್ಲರಿಗೂ ಹೇಳಲು ಒಂದು ಊರಿತ್ತು, ಒಂದು ಹೊತ್ತಿತ್ತು. ರತ್ನವ್ವ ಚಹಾ ಕೊಟ್ಟು, “ದಿನಾ ಗೇಟಿನ್ಯಾಗ ನಿಂದರತೀರಿ. ಮಾತಾಡಸಿದ್ರ ಸಿಟ್ಟ ಮಾಡ್ಕೊಂಡೀರಿ ಅಂತ ಸುಮ್ಮನ ಇದ್ವಿರಿ,” ಎಂದಳು.

ಮೂರು ಹಾಳೆ ತುಂಬಿದವು. ನನ್ನ ಗೇಟಿಗೆ ತಿರುಗಿ ಬಂದಾಗ ಬಿಸಿಲೇರಿತ್ತು. ರೇಣುಕಾ ನೋಟುಬುಕ್ಕು ತನ್ನ ಕೈಗೆ ತೆಗೆದುಕೊಂಡು ಪೆನ್ನು ಹಿಡಿದಳು.

“ಇನ್ನ ಒಬ್ಬರ ಉಳದೀರಿ. ಹೇಳ್ರಿ ಕಂಡಕ್ಟರ್ ಕಾಕಾ, ಎಲ್ಲಿಂದ ಎಲ್ಲಿಗೆ?”

“ಇಲ್ಲಿಂದ,” ಎಂದೆ. ಅಲ್ಲಿಗೇ ನಿಂತಿತು.

ಎಲ್ಲಿಗೆ? ಪಿಂಚಣಿ ಬ್ಯಾಂಕಿಗೆ ಬರುತ್ತದೆ, ತಿಂಗಳಿಗೊಮ್ಮೆ ಅಳಿಯ ಬಂದಾಗ ತೆಗೆಸುತ್ತೇನೆ. ಔಷಧಿ ಆತನೇ ತರುತ್ತಾನೆ. ಹಳೆಯ ಜತೆಗಾರರಲ್ಲಿ ಇಬ್ಬರು ತೀರಿಹೋದರು, ಒಬ್ಬ ಮಗನ ಕಡೆ ಹೋದ. ಮಠಕ್ಕೆ ಹೋಗುತ್ತಿದ್ದವಳು ಶಾಂತಾ, ನಾನಲ್ಲ. ಸವಣೂರಿಗೆ ಹೋಗಿ ಬಸ್ಸಿನಿಂದ ಇಳಿದರೆ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂಬುದೇ ನನಗೆ ತಿಳಿಯಲಿಲ್ಲ. ನನ್ನ ದಾರಿ ಕಾಯುವ ಬಾಗಿಲು ಆ ಊರಿನಲ್ಲಿ ಒಂದೂ ಇರಲಿಲ್ಲ.

ದವಾಖಾನೆ ಅಂದುಬಿಡಲೇ ಅನಿಸಿತು. ಬಾಯಿಗೆ ಬಂತು. ಆಕೆಯ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ. ನನ್ನ ಹೆಸರು ಬರೆದು, ಮುಂದಿನ ಜಾಗ ಹಾಗೇ ಬಿಟ್ಟಳು.

“ಇರಲಿ ಬಿಡ್ರಿ. ಖಾಲಿ ಬಿಟ್ಟೇನಿ. ಆಮ್ಯಾಲೆ ತುಂಬೋಣಂತ.”

ರೇಣುಕಾ ಹೋದ ಮೇಲೆ ಒಳಗೆ ಬಂದು, ಶಾಂತಾ ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದ ಜಾಗದಲ್ಲಿ ಕೂತೆ. ಅತ್ತುಬಿಟ್ಟೆ. ಶಾಂತಾ ತೀರಿಕೊಂಡ ದಿನವೂ ಅಷ್ಟು ಅತ್ತಿರಲಿಲ್ಲ, ಅವತ್ತು ಮನೆತುಂಬ ಜನವಿದ್ದರು. ಮದುವೆಯಾದ ಹೊಸತರಲ್ಲಿ ಆಕೆ ಒಂದು ಆಸೆ ಹೇಳಿದ್ದಳು. ‘ನಿಮ್ಮ ಗಾಡಿಯಾಗ ಒಮ್ಮೆ ಮುಂದಿನ ಸೀಟಿನ್ಯಾಗ ಕುಂತ ತಡಸ ಮಟಾ ಹೋಗಿ ಬರಬೇಕ್ರಿ, ಸುಮ್ಮನ.’ ಡ್ಯೂಟಿ ಮೇಲೆ ಮನೆಯವರು ಬೇಡ ಎಂದು ಬೈದಿದ್ದೆ. ಆಕೆ ಮತ್ತೆ ಕೇಳಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅದು ನಾನೇ. ಲೋಕಕ್ಕೆಲ್ಲ ಎಲ್ಲಿಗ್ರಿ ಎಂದು ಕೇಳಿದೆ, ಮನೆಯಲ್ಲಿದ್ದವಳನ್ನು ಕೇಳಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದದ್ದು ಆಕೆ ಹೋದ ಕೆಲವೇ ತಿಂಗಳ ಮೇಲೆ.

ಓಟು ರೇಣುಕಾಗೆ ಹಾಕಿದೆ. ನಮ್ಮ ಪ್ಲಾಟಿನವರೂ ಹಾಕಿದರೆಂದು ಕಾಣುತ್ತದೆ. ಆದರೆ ವಾರ್ಡು ದೊಡ್ಡದು. ಎಣಿಕೆಯ ದಿನ ಮಧ್ಯಾಹ್ನ ದೂರದಿಂದ ಪಟಾಕಿ ಕೇಳಿತು. ಎದುರು ಮನೆಯ ಜಗಲಿಯಿಂದ ರತ್ನವ್ವ, “ಗೌಡ್ರು ಆರಿಸಿ ಬಂದ್ರಂತ್ರಿ,” ಎಂದು ಕೂಗಿ ಹೇಳಿದಳು.

ಮನೆಯೊಳಗೆ ಬಂದು ಕೂತೆ. ಕೂಡಲಾಗಲಿಲ್ಲ. ಗೌಡರ ಮನೆಯ ಮುಂದೆ ಈಗ ಗುಲಾಲು ಹಾರುತ್ತಿರುತ್ತದೆ. ವಕೀಲರ ಮನೆಯಲ್ಲೂ ಸಮಾಧಾನ ಹೇಳಲು ನಾಲ್ಕು ಜನ ಇರುತ್ತಾರೆ. ಪಕ್ಷವಿಲ್ಲದೆ ನಿಂತು ಸೋತ ಆ ಹೆಣ್ಣುಮಗಳ ಪಡಸಾಲೆಗೆ ಯಾರು ಬರುತ್ತಾರೆ? ಖಾಲಿ ಪಡಸಾಲೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಚಪ್ಪಲಿ ಮೆಟ್ಟಿದೆ, ಚೀಲ ಹಾಕಿಕೊಂಡೆ, ಗೇಟು ದಾಟಿದೆ.

ಮುಖ್ಯ ರಸ್ತೆಗೆ ಒಂದು ಮೈಲು, ಅಲ್ಲಿಂದ ಊರೊಳಗೆ ಇನ್ನಷ್ಟು. ಎರಡು ಬಸ್ಸು ನಿಲ್ಲದೆ ಹೋದವು. ಬೇಲಿಯ ಕಲ್ಲಿನ ಮೇಲೆ ಎರಡು ಕಡೆ ಕೂತೆ. ಮಂಡಿ ಉರಿಯುತ್ತಿತ್ತು. ತಿರುಗಿ ಹೋಗಬೇಕು ಎಂದು ಮಾತ್ರ ಅನಿಸಲಿಲ್ಲ.

ರೇಣುಕಾ ಎಲೆಯ ಮುಂದೆಯೇ ಕೂತಿದ್ದಳು. ಕಣ್ಣುಗಳು ಕೆಂಪಾಗಿದ್ದವು. ಆಕೆಯ ಅವ್ವ ಗೋಡೆಗೆ ಒರಗಿದ್ದರು. ಬೇರೆ ಯಾರೂ ಇರಲಿಲ್ಲ. ನನ್ನನ್ನು ನೋಡಿ ಆಕೆ ಗಡಬಡಿಸಿ ಎದ್ದಳು.

“ಅಯ್ಯ ಕಾಕಾ! ಗಾಡಿ ಇಲ್ಲದ ಹೆಂಗ ಬಂದ್ರಿ?”

“ನಡಕೋತ ಬಂದೆ.”

“ಇಷ್ಟ ದೂರ? ಏನ್ ಕೆಲಸ ಇತ್ರಿ?”

“ಏನೂ ಇಲ್ಲವಾ. ನಿಮ್ಮನ್ನ ನೋಡಾಕ ಬಂದೆ.”

ತಾಯಿ ಚಾಪೆ ಹಾಸಿದರು. ಬಾಡಿದ ಎಲೆಯ ಮಾತು ನಾನೇ ತೆಗೆದೆ. ತಪ್ಪಾಯಿತು ಎಂದೆ. “ಆಗಿಂದ ಈಗ ಯಾಕ್ರಿ,” ಎಂದು ಆ ತಾಯಿ ಒಂದು ಎಳೆಯ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ನನ್ನ ಕೈಗೆ ಕೊಟ್ಟರು. ಹೊರಡುವ ಮೊದಲು ಚೀಲದಿಂದ ನೋಟುಬುಕ್ಕು ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ನಾನೇ ಬರೆದೆ: ರೇಣುಕಾನ ಮನೆ. ಆಕೆ ಬಗ್ಗಿ ಓದಿದಳು. ಅವತ್ತು ಆಕೆ ನಕ್ಕದ್ದು ಅದೊಂದೇ ಸಲ.

ಆ ಮೂರು ಹಾಳೆಗಳನ್ನು ಹಿಡಿದು ಮುಂದೆ ರೇಣುಕಾ, ರತ್ನವ್ವ, ನಾನು ಕೂಡಿ ಗೌಡರ ಕಡೆಗೂ ಹೋದೆವು, ಡಿಪೋಗೂ ಹೋದೆವು. ಗೌಡರನ್ನೂ ಹೊಗಳಬೇಕು. ಹೆಸರು, ಊರು, ಹೊತ್ತು ಎಲ್ಲ ಬರೆದದ್ದನ್ನು ನೋಡಿ ಈ ಸಲ ನಗಲಿಲ್ಲ. ಕಂಬ ಸರಿಯಿತು, ಹೊಸ ಹಾಸುಗಲ್ಲು ಬಿತ್ತು. ಬಸ್ಸು ತಾನೇ ಬರಲಿಲ್ಲ, ಏಳೆಂಟು ತಿಂಗಳ ಓಡಾಟದ ಮೇಲೆ ಬಂತು. ಈಗ ಮುಂಜಾನೆ ಒಂದು ಸುತ್ತು ನಮ್ಮ ಗೇಟಿನ ಮುಂದೆ ಹಾದು ಹೋಗುತ್ತದೆ. ನಾಲೆಯ ತಿರುವಿನಲ್ಲಿ ಅದು ಕಂಬಕ್ಕೆ ತಾಗದೆ ಹೊರಳುವುದನ್ನು ನೋಡುವಾಗ ನನ್ನ ಕೈ ಈಗಲೂ ಸೀಟಿ ಹುಡುಕುತ್ತದೆ.

ವಾರದಲ್ಲಿ ಮೂರು ದಿನ ಆ ಬಸ್ಸು ಹತ್ತುತ್ತೇನೆ. ರೇಣುಕಾ ಸಂತೆಗೆ ಹೋದ ದಿನ ಅವರವ್ವನ ಜತೆ ಕೂತು ಎಲೆಯ ಕಟ್ಟು ಕಟ್ಟುತ್ತೇನೆ. ಒಮ್ಮೊಮ್ಮೆ ರತ್ನವ್ವನ ಗಂಡನ ಜತೆ ದವಾಖಾನೆಗೆ ಹೋಗುತ್ತೇನೆ. ಹಾಗೆಂದು ಮನೆ ತುಂಬಿಲ್ಲ. ಸಂಜೆ ತಿರುಗಿ ಬಂದು ಕೀಲಿ ತೆಗೆಯುವಾಗ ಒಳಗಿನಿಂದ ಯಾರೂ ‘ಬಂದ್ರೇನು’ ಅನ್ನುವುದಿಲ್ಲ.

ಬಸ್ಸಿನ ಕಂಡಕ್ಟರ್ ಹೊಸಬ, ಒಳ್ಳೆಯ ಮಾತಿನವನು. ನಾನು ಆ ಕೆಲಸದವನೆಂದು ತಿಳಿದಿದ್ದರೂ ರೂಢಿಯಂತೆ ಕೇಳುತ್ತಾನೆ. “ಎಲ್ಲಿಗ್ರಿ ಅಜ್ಜಾರ?” ಅದಕ್ಕೀಗ ನನ್ನ ಹತ್ತಿರ ಉತ್ತರವಿದೆ, ಥಟ್ಟನೆ ಹೇಳುತ್ತೇನೆ. ಆಮೇಲೆ ಆತ ಮಷಿನ್ ಮೇಲೆ ಬೆರಳಿಟ್ಟು ಎರಡನೆಯದನ್ನು ಕೇಳುತ್ತಾನೆ. “ಎಷ್ಟ ಮಂದಿ ರೀ?” ಆಗ ಮುಂದಿನ ಸೀಟಿನ ಕಡೆ ಒಮ್ಮೆ ಕಣ್ಣು ಹೋಗುತ್ತದೆ. ಆಮೇಲೆ ಹೇಳುತ್ತೇನೆ, “ಒಬ್ಬನಪಾ. ಒಂದ ಕೊಡು.”